ನಮ್ಮ ಲಾರಿಯ ಬಾಣಂತನ

ಮನೆಯಲ್ಲೊಂದು ಹಳೇ ಲಾರಿ ಇದ್ದರೆ ನಗೋದಕ್ಕೆ ನಾಟಕದ ಕಂಪನಿಗೆ ಹೋಗಿ ಟಿಕೀಟು ತಗೋಬೇಕಾಗಿಲ್ಲ. ಬೆಳಿಗ್ಗೆ ಹ್ಯಾಂಡಲ್ ಹೊಡೆಯೋ ಹೊತ್ತಿಗೆ ನಾಟಕ ಬಾಗಿಲ ಮುಂದೇನೇ ಶುರುವಾಗುತ್ತೆ. ಪಾತ್ರದವರು ಮನೆಯವರೇ, ನೋಡೋರು ಬೀದಿಯವರು, ಪರದೆ ಮಾತ್ರ ಯಾವತ್ತೂ ಬೀಳೋದಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡ್ತೀನಿ. ಎಂಟನೇ ಕ್ಲಾಸಿನಲ್ಲಿ ನಾನು ಎಷ್ಟು ವರ್ಷ ಕೂತೆ ಅಂದರೆ, ನಾನು ಕೂತಿದ್ದ ಬೆಂಚು ಸವೆದುಹೋಯ್ತು ಅಂತ ಬೆಂಚನ್ನೇ ಬದಲಾಯಿಸಿದರು. ನನ್ನನ್ನು ಮುಂದಕ್ಕೆ ತಳ್ಳಲಿಲ್ಲ. ಅಪ್ಪನಿಗೆ ಬೇಜಾರಾಗಿ ನನ್ನನ್ನು ದಾವಣಗೆರೆಗೆ, ಕೆ.ಬಿ. ಬಡಾವಣೆಯ ಅಕ್ಕನ ಮನೆಗೆ ಅಟ್ಟಿಬಿಟ್ಟ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಲಾರಿ ಮಾಲೀಕರು. ಮಾಲೀಕರೂ ಅವರೇ, ಡ್ರೈವರೂ ಅವರೇ. ಕ್ಲೀನರ್ ಕೆಲಸ ಖಾಲಿ ಇತ್ತು, ನಾನೂ ಖಾಲಿ ಇದ್ದೆ. ಲಾರಿ ಯಾವುದಪ್ಪಾ ಅಂದರೆ, ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಇನ್ನು ಸಾಕು ಅಂತ ಹರಾಜಿಗೆ ಹಾಕಿದ, ಪೆಟ್ರೋಲಿನಲ್ಲಿ ಓಡೋ ಲಾರಿ. ಯುದ್ಧ ಅವರಿಗೆ ಮುಗಿದಿತ್ತು, ನಮಗೆ ಶುರುವಾಯ್ತು.

ಗುಮಾಸ್ತರ ಪಂಚೆ

ನಮ್ಮ ಲಾರಿ ಬಿಡುತ್ತಿದ್ದ ಹೊಗೆ ಸಾಮಾನ್ಯದ್ದಲ್ಲ. ಮಂಡಕ್ಕಿ ಭಟ್ಟಿಯವರು ಹುಟ್ಟಿದಾಗಿನಿಂದ ಹೊಗೆಯಲ್ಲೇ ಬೆಳೆದವರು, ಅವರೂ ನಮ್ಮ ಲಾರಿ ಹೋಗುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಲಾರಿಗೆ ಅನ್ನ ಹಾಕುತ್ತಿದ್ದದ್ದು ಒಂದು ಹತ್ತಿ ಮಿಲ್ಲು. ಹತ್ತಿ ಬೇಲುಗಳನ್ನು ಹೊತ್ತು ತರೋ ಕೆಲಸ. ಅಲ್ಲಿ ಲೋಡು ಇಳಿಸಿಕೊಳ್ಳೋ ಗುಮಾಸ್ತರು ಒಬ್ಬರಿದ್ದರು. ಅವರ ಪಂಚೆ ಆ ಮಿಲ್ಲಿನ ಹತ್ತಿಗಿಂತ ಬೆಳ್ಳಗೆ. ಕೂತರೆ ಮಡಿಕೆ ಬೀಳುತ್ತೆ ಅಂತ ದಿನವಿಡೀ ನಿಂತೇ ಇರೋರು.

ಆವತ್ತು ಲೋಡು ಇಳಿಸಿಯಾಗಿತ್ತು. ಲಾರಿ ಗೇಟಿಗೆ ಅಡ್ಡ ನಿಂತಿತ್ತು. ನಾನು ಮುಂದೆ ನಿಂತು ಹ್ಯಾಂಡಲ್ ತಿರುವಿ ತಿರುವಿ ಸಾಕಾದೆ. ಎಂಜಿನ್ ಕೆಮ್ಮುತ್ತೆ, ಸುಮ್ಮನಾಗುತ್ತೆ.

"ಏನಲೇ, ಇವತ್ತೇ ಸ್ಟಾರ್ಟ್ ಆಗ್ತೈತೋ, ನಾಳೆಗೋ?" ಅಂತ ಗುಮಾಸ್ತರು ರೇಗಿದರು.

"ಆಗಿದ್ರೂ ಆಗಿರಬಹುದ್ರೀ ಗುಮಾಸ್ತ್ರೇ. ನನಗೆ ಇಲ್ಲಿ ಕೇಳಿಸ್ತಿಲ್ಲ. ಹಿಂದಗಡೆ ಹೋಗಿ ಆ ಕೊಳವೆ ಹತ್ರ ಸ್ವಲ್ಪ ಕಿವಿಗೊಟ್ಟು ನೋಡ್ರಿ" ಅಂದೆ.

ದೊಡ್ಡವರು ಇಷ್ಟು ಬೇಗ ಹೇಳಿದ ಮಾತು ಕೇಳ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಅವರು ಹೋಗಿ ಬಗ್ಗಿದರು. ನಾನು ಇನ್ನೊಂದು ಸಲ ತಿರುವಿದೆ. ಢಂ! ಹೊಗೆ ಕರಗಿದ ಮೇಲೆ ನೋಡಿದರೆ ಗುಮಾಸ್ತರು ಅಲ್ಲೇ ನಿಂತಿದ್ದಾರೆ, ಪಂಚೆ ಮಾತ್ರ ಇದ್ದಿಲು ಮಂಡಿಯಿಂದ ಎದ್ದು ಬಂದ ಹಾಗಿದೆ.

ಭಾವ ಕೆಳಗೆ ಹಾರಿ ಕೈ ಮುಗಿದರು. ಗುಮಾಸ್ತರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರೋದು. ತಣ್ಣಗೆ ಹೇಳಿದರು: "ಮುಂದಿನ ಹತ್ತಿ ಸುಗ್ಗಿ ಶುರುವಾಗೋ ಮುಂಚೆ ನಾನೇ ನಿಮ್ಮನಿಗೆ ಬರ್ತೀನಿ. ಯಾವತ್ತು ಬರ್ತೀನಿ ಅಂತ ಹೇಳಾಕಿಲ್ಲ. ಲಾರಿ ಹಿಂದೆ ಬಿಳೀ ಬಟ್ಟೆ ಹಿಡೀತೀನಿ. ಒಂದೇ ಒಂದು ಕರೀ ಚುಕ್ಕೆ ಕಂಡ್ರೂ ನಮ್ಮ ಮಿಲ್ಲಿನ ಹತ್ತಿ ನಿಮಗಿಲ್ಲ."

ಆ ಹತ್ತಿ ಹೋದರೆ ಲಾರಿ ಮಾರಬೇಕು. ಲಾರಿ ಮಾರಿದರೆ ಭಾವ ಮತ್ತೆ ಯಾವುದೋ ಸಾಹುಕಾರನ ಲಾರಿಗೆ ಸಂಬಳದ ಡ್ರೈವರ್ ಆಗಿ, "ಏ ಡ್ರೈವರ್" ಅಂತ ಕರೆಸಿಕೊಳ್ಳಬೇಕು. ಆ ಕೂಗಿನಿಂದ ತಪ್ಪಿಸಿಕೊಳ್ಳೋದಕ್ಕೇ ಅವರು ಈ ಲಾರಿ ತಗೊಂಡಿದ್ದು. ವಾಪಸ್ಸು ಬರುವಾಗ ಸ್ಟೇರಿಂಗನ್ನು ನನ್ನ ಕುತ್ತಿಗೆ ಹಿಡಿದ ಹಾಗೆ ಹಿಡಿದಿದ್ದರು.

ಸಮಾಧಾನ ಮಾಡೋಣ ಅಂತ ನಾನೇ ಹೇಳಿದೆ: "ಭಾವ, ಅವರು ಬಿಳೀದು ಉಡೋದೇ ತಪ್ಪು. ಖಾಕಿ ಹಾಕ್ಕೊಂಡಿದ್ರೆ ಏನೂ ಆಗ್ತಿರಲಿಲ್ಲ."

ಭಾವ ಲಾರಿ ನಿಲ್ಲಿಸಿ, "ಇಳಿ. ನಡ್ಕೊಂಡು ಬಾ" ಅಂದರು. ಇಳಿದೆ. ನಡ್ಕೊಂಡೇ ಲಾರಿಗಿಂತ ಮುಂಚೆ ಮನೆ ಸೇರಿದೆ.

ಊರ ತುಂಬ ಡಾಕ್ಟರು

ಮಾರನೇ ದಿನ ಭಾವ ಮೆಕ್ಯಾನಿಕ್ಕನ್ನು ಕರೆಸಿದರು. ಅವರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯೋದು. ಉಸ್ತಾದ್ ಎಂಜಿನ್ ನೋಡೋ ರೀತಿಯೇ ಬೇರೆ. ಉದ್ದನೆಯ ಸ್ಕ್ರೂಡ್ರೈವರ್ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು ಕಣ್ಣು ಮುಚ್ಚುತ್ತಾರೆ. ಬೀದಿಯವರೆಲ್ಲ ಉಸಿರು ಹಿಡಿದು ನಿಲ್ಲಬೇಕು.

ಕಣ್ಣು ಬಿಟ್ಟು, "ಬೋರು ಸವೆದೈತೆ, ಪಿಸ್ಟನ್ ಲೊಡಲೊಡ ಅಂತೈತೆ, ರಿಂಗು ಬಿಲ್ಕುಲ್ ಖಲಾಸ್" ಅಂದರು.

"ನಮಗೆ ತಿಳಿಯೋ ಹಂಗೆ ಹೇಳ್ರಿ ಉಸ್ತಾದ್" ಅಂದರು ಭಾವ.

"ಪೆಟ್ರೋಲ್ ಕುಡಿಯೋ ಎಂಜಿನ್ನು ಈಗ ಎಣ್ಣೆ ಕುಡಿಯಾಕೆ ಕಲ್ತೈತೆ. ಅದೇ ಹೊಗೆ. ದೇಖೋ, ದಾರಿ ಎರಡು ಐತೆ. ಇದನ್ನೇ ಬಿಚ್ಚಿ, ಹರಿಹರಕ್ಕೆ ಒಯ್ದು ಬೋರು ಕೊರೆಸಿ, ಪಿಸ್ಟನ್ನು, ರಿಂಗು ಹೊಸದು ಹಾಕಿ ಕಟ್ಟೋದು ಒಂದು. ಇಲ್ಲಾ ಇದನ್ನ ಎಸೆದು ಬ್ಯಾರೆ ಎಂಜಿನ್ನೇ ಕೂಡ್ಸೋದು."

ಭಾವನ ಹತ್ತಿರ ಇದ್ದ ದುಡ್ಡು ಬಹಳ ತರಲೆ ದುಡ್ಡು. ಎಂಜಿನ್ ಕಟ್ಟಿಸೋದಕ್ಕೆ ಸ್ವಲ್ಪ ಜಾಸ್ತಿ, ಹೊಸದು ಕೂಡಿಸೋದಕ್ಕೆ ಬಹಳ ಕಮ್ಮಿ. ಒಂದು ಸಲ ಯಾವುದಕ್ಕೋ ಖರ್ಚಾದರೆ ಮುಗೀತು, ಇನ್ನೊಂದು ಸಲಕ್ಕೆ ಇಲ್ಲ. ಅದಕ್ಕೇ ಭಾವ ನಿದ್ದೆ ಹತ್ತದೆ, ಸಿಕ್ಕಿದವರನ್ನೆಲ್ಲ ಕೇಳೋದಕ್ಕೆ ಶುರುಮಾಡಿದರು.

ಕ್ಷೌರದವನು ಕಟ್ಟಿಸ್ರಿ ಅಂದ. ಬೆಣ್ಣೆ ದೋಸೆ ಹೋಟ್ಲಿನವರು ಬದಲಾಯಿಸ್ರಿ ಅಂದರು, ಯಾಕಂದ್ರೆ ಅವರು ಆಗತಾನೆ ಹೆಂಚು ಬದಲಾಯಿಸಿದ್ದರು. ಚೈನೇ ಇಲ್ಲದ ಸೈಕಲ್ಲು ತಳ್ಳಿಕೊಂಡು ಓಡಾಡೋ ಒಬ್ಬ ಪುಣ್ಯಾತ್ಮ ಗೇರ್ ಬಾಕ್ಸಿನ ಬಗ್ಗೆ, ಭಾವ ಕೊಡಿಸಿದ ಮಿರ್ಚಿ ಕೈಯಲ್ಲೇ ಆರೋವರೆಗೂ ಮಾತಾಡಿದ. ಜೋಯಿಸರು ಎರಡೂ ಬೇಡ, ಲಾರಿಯನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ಅಂದರು. ಭಾವ ಅದನ್ನೂ ಮಾಡಿದರು. ಹೊಗೆ ಪಶ್ಚಿಮಕ್ಕೆ ಹೋಯಿತು, ಅಷ್ಟೇ.

ಮನೆಯಲ್ಲಿ ಭಾವನ ತಾಯಿ ಇದ್ದರು. ಸಾರಥಿ ಅನ್ನೋ ಹಳ್ಳಿಯವರು. ಬೀದಿಗೆಲ್ಲ ಅಜ್ಜಿ, ನನಗೂ ಅಜ್ಜಿ. ಊರಲ್ಲಿದ್ದಾಗ ಎಷ್ಟೋ ಮನೆ ಬಾಣಂತನ ಮಾಡಿದ ಕೈ ಅದು. ಅಜ್ಜಿ ಗದರಿದರೆ ಉಸ್ತಾದೂ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರು.

ಊಟಕ್ಕೆ ಕೂತಾಗ ಭಾವ ಅಜ್ಜಿಯನ್ನೂ ಕೇಳಿದರು: "ಅವ್ವಾ, ಹಳೇದು ಇಟ್ಕೊಳ್ಳಾದೋ, ಬದಲಾಯ್ಸಾದೋ?"

ಅಜ್ಜಿ ನನ್ನ ತಟ್ಟೆಯಲ್ಲಿದ್ದ ರೊಟ್ಟಿಯ ಗುಡ್ಡವನ್ನು ನೋಡಿದರು. "ಬದಲಾಯ್ಸೋದಾದ್ರೆ ಮೊದ್ಲು ನಿನ್ನ ಭಾಮೈದನ್ನ ಬದಲಾಯ್ಸಪ್ಪಾ. ಎಂಜಿನ್ನು ಇವನಷ್ಟು ತಿನ್ನಾಕಿಲ್ಲ."

ಪೆಟ್ಟಿಗೆ ಬಿಚ್ಚದ ಎಂಜಿನ್ನು

ಅಷ್ಟರಲ್ಲಿ ಗುಜರಿ ಅಂಗಡಿಯ ಸಾಹುಕಾರನೊಬ್ಬ ಭಾವನನ್ನು ಹುಡುಕಿಕೊಂಡು ಬಂದ. "ಮಿಲಿಟರಿ ಎಂಜಿನ್ನು ಐತ್ರೀ. ನಿಮ್ಮ ಲಾರಿದೇ ಜೋಡಿ. ಯುದ್ಧಕ್ಕೆ ಅಂತ ಬಂತು, ಬರೋದ್ರಾಗೆ ಯುದ್ಧ ಮುಗೀತು. ಪೆಟ್ಟಿಗೆ ಕೂಡ ಬಿಚ್ಚಿಲ್ಲ. ಮದುವಣಗಿತ್ತಿ ಇದ್ದಂಗೆ ಐತೆ. ಇದ್ದಷ್ಟು ಕೊಡ್ರಿ, ಉಳಿದಿದ್ದು ನಿಧಾನಕ್ಕೆ ಕೊಡೀರಂತೆ."

ಭಾವನ ಕಣ್ಣು ಅರಳಿತು. ನಾನೂ, ಭಾವನೂ, ಉಸ್ತಾದೂ ಹೋದೆವು.

ಅಂಗಡಿಯ ಹಿತ್ತಿಲಲ್ಲಿ ದೊಡ್ಡ ಮರದ ಪೆಟ್ಟಿಗೆ. ಒಂದು ಕಡೆ ಹಲಗೆ ಕಿತ್ತಿತ್ತು. ಒಳಗೆ ಎಂಜಿನ್ನು ಮಾವಿನೆಲೆಯಷ್ಟು ಹಸಿರಾಗಿ ಮಿರಮಿರ ಮಿಂಚುತ್ತಿತ್ತು. ಸಾಹುಕಾರ ಅದರ ಮೇಲೆ ಕೈಯಾಡಿಸಲಿಲ್ಲ, ದೂರದಿಂದಲೇ ತೋರಿಸಿದ. ಯಾಕೆ ಅಂತ ನಾನು ಒರಗಿ ನಿಂತ ಮೇಲೆ ಗೊತ್ತಾಯ್ತು. ನನ್ನ ಅಂಗಿಯ ತೋಳು ಹಸಿರಾಗಿತ್ತು.

"ಬಣ್ಣ ಹಸಿ ಐತಲ್ರೀ ಸಾಹುಕಾರ್ರೇ" ಅಂದೆ.

"ಮಿಲಿಟರಿ ಬಣ್ಣ. ಅದು ಬೇಗ ಒಣಗಾಕಿಲ್ಲ" ಅಂದ.

ಯುದ್ಧ ಮುಗಿದಾಗ ನಾನು ಹುಟ್ಟಿರಲೂ ಇಲ್ಲ. ಇಷ್ಟು ವರ್ಷ ಒಣಗದ ಬಣ್ಣ ಅಂದರೆ ದೊಡ್ಡ ಬಣ್ಣವೇ ಇರಬೇಕು. ಉಸ್ತಾದ್ ಎಂದಿನಂತೆ ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿದರು. ನಿಂತ ಎಂಜಿನ್ನಿನಲ್ಲಿ ಅವರಿಗೆ ಏನು ಕೇಳಿಸುತ್ತಿತ್ತೋ ದೇವರಿಗೇ ಗೊತ್ತು. ಆದರೂ ತಲೆಯಾಡಿಸಿ, "ಮಾಲು ಚಲೋ ಐತೆ" ಅಂದುಬಿಟ್ಟರು. ಭಾವನ ಕೈ ಆಗಲೇ ಜೇಬಿಗೆ ಇಳಿದಿತ್ತು.

ನನ್ನ ಕೈ ಸುಮ್ಮನಿರೋ ಕೈಯಲ್ಲ. ಎಂಜಿನ್ನಿನ ಹಿಂಭಾಗದಲ್ಲಿ ಒಂದು ಗೂಡಿನಂಥ ಜಾಗ, ಅದರಲ್ಲಿ ಹುಲ್ಲು. ತೂರಿಸಿದೆ. ಏನೋ ದುಂಡಗೆ, ಬೆಚ್ಚಗೆ ಸಿಕ್ಕಿತು. ಹೊರಗೆ ತೆಗೆದರೆ ಕೋಳಿ ಮೊಟ್ಟೆ. ಅದೇ ಹೊತ್ತಿಗೆ ಪೆಟ್ಟಿಗೆಯ ಆ ಮೂಲೆಯಿಂದ ಒಂದು ಕೋಳಿ ಕೊಕ್ಕೊಕ್ಕೋ ಅಂತ ಬೈಯುತ್ತಾ ಹೊರಗೆ ಹಾರಿತು. ಅದರ ಒಂದು ರೆಕ್ಕೆಯೂ ಹಸಿರು.

ನಾನು ಮೊಟ್ಟೆ ಎತ್ತಿ ಹಿಡಿದೆ. "ಭಾವ, ಮಿಲಿಟರಿಯವರು ಸೈನಿಕರ ತಿಂಡೀನೂ ಜೊತೆಗೇ ಪ್ಯಾಕ್ ಮಾಡಿ ಕಳಿಸ್ಯಾರೆ. ಇನ್ನೂ ಬಿಸಿ ಆರಿಲ್ಲ!"

ಭಾವನ ಕೈ ಜೇಬಿನಿಂದ ಖಾಲಿ ಹೊರಗೆ ಬಂತು. ಉಸ್ತಾದ್ ಸ್ಕ್ರೂಡ್ರೈವರ್ ಒರೆಸುತ್ತಾ, "ನನಗೂ ಒಳಗೆ ಏನೋ ಕೊಕ್ ಕೊಕ್ ಅಂತ ಕೇಳಿಸ್ತಿತ್ತು. ವಾಲ್ವ್ ಅಂದ್ಕೊಂಡೆ" ಅಂದರು.

ಸಾಹುಕಾರನ ಮುಖ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ನನ್ನ ಕೈಯಿಂದ ಮೊಟ್ಟೆ ಕಿತ್ತುಕೊಂಡು, "ಅದು ಎಂಜಿನ್ ಜೊತೆ ಬರಾಕಿಲ್ರೀ. ಅದಕ್ಕೆ ಬ್ಯಾರೆ ರೇಟು" ಅಂದ.

ಎತ್ತಿನ ಗಾಡಿಗೆ ಹಾರ್ನು

ಹಾಗಾಗಿ ಹಳೇ ಎಂಜಿನ್ನನ್ನೇ ಕಟ್ಟಿಸೋದು ಅಂತ ಗಟ್ಟಿಯಾಯ್ತು. ಉಸ್ತಾದ್ ಬಾಗಿಲ ಮುಂದೆಯೇ ಎಂಜಿನ್ ಬಿಚ್ಚಿದರು. ಬೋರು, ಅಂದರೆ ಪಿಸ್ಟನ್ ಓಡಾಡೋ ತೂತು, ಅದನ್ನು ಕೊರೆಯೋ ಮೆಷಿನ್ನು ಇದ್ದದ್ದು ಹರಿಹರದ ಒಂದು ಲೇತ್ ಅಂಗಡಿಯಲ್ಲಿ. ಈಗ ಎಂಜಿನ್ನಿನ ಆ ಕಬ್ಬಿಣದ ದಿಮ್ಮಿ ಹರಿಹರಕ್ಕೆ ಹೋಗಬೇಕು. ಲಾರಿಯಲ್ಲಿ ಹಾಕಿಕೊಂಡು ಹೋಗೋಣ ಅಂದರೆ ಲಾರಿಯ ಎಂಜಿನ್ನೇ ಅದು. ಬೇರೆ ಲಾರಿಯವರನ್ನು ಕೇಳೋಣ ಅಂದರೆ ಭಾವನಿಗೆ ಮರ್ಯಾದೆ ಅಡ್ಡ ಬಂತು.

ಕೊನೆಗೆ ಭಾನುವಳ್ಳಿಯ ಒಬ್ಬ ಗಾಡಿಯವನು ಸಿಕ್ಕ. ದಾವಣಗೆರೆ ಪೇಟೆಗೆ ಮಾಲು ತಂದು ಹಾಕಿ, ಹರಿಹರದ ಮೇಲೆ ಖಾಲಿ ಗಾಡಿ ಹೊಡ್ಕೊಂಡು ವಾಪಸ್ಸು ಹೋಗೋನು. ಭಾವನನ್ನು ನೋಡಿದ ತಕ್ಷಣ ಅವನ ಮೀಸೆ ಕುಣಿಯಿತು.

"ನೀವೇ ಏನ್ರೀ? ಅದೇ ಹೊಗೆ ಲಾರಿಯವ್ರು? ದಿನಾ ನನ್ನ ಹಿಂದೆ ಬಂದು ಭೋಂ ಭೋಂ ಅಂತ ಹಾರ್ನ್ ಹೊಡೀತಿದ್ರಲ್ಲ, ನೀವೇ ತಾನೆ? ಬರ್ರಿ ಬರ್ರಿ, ಕೂಡ್ರಿ. ಇವತ್ತು ನಮ್ಮ ಗಾಡಿ ಸುಖ ನೋಡ್ರಿ."

ದಿಮ್ಮಿ ಗಾಡಿ ಏರಿತು. ಭಾವ ಯಾರಾದರೂ ಗುರುತಿನವರು ನೋಡಿಯಾರು ಅಂತ ಟವೆಲ್ಲನ್ನು ತಲೆ ಮೇಲೆ ಹಾಕಿಕೊಂಡು ದಿಮ್ಮಿಯ ಹಿಂದೆ ಕೂತರು. ನಾನು ಪಕ್ಕದಲ್ಲಿ. ಗಾಡಿಯವನು ಬೇಕಂತಲೇ ನಿಧಾನ ಹೊಡೆದ. ಸಿಕ್ಕ ಸಿಕ್ಕ ಗಾಡಿಯವರಿಗೆಲ್ಲ, "ನೋಡ್ರಪ್ಪಾ, ಲಾರೀನ ನಮ್ಮ ಗಾಡ್ಯಾಗೆ ಹೇರ್ಕೊಂಡು ಹೊಂಟೀನಿ" ಅಂತ ಕೂಗಿ ಹೇಳಿದ. ಭಾವನ ಟವೆಲ್ಲು ಇನ್ನಷ್ಟು ಕೆಳಗೆ ಇಳಿಯಿತು.

ಮನೆ ಬಿಡುವಾಗ ನಾನು ಲಾರಿಯ ರಬ್ಬರ್ ಬುರುಡೆ ಹಾರ್ನನ್ನು ಬಿಚ್ಚಿಕೊಂಡು ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಲಾರಿ ಬಿಟ್ಟು ಹೋಗುವಾಗ ಯಾರಾದರೂ ಕದ್ದರೆ ಅಂತ. ಹಾಗಂತ ಅಕ್ಕನಿಗೆ ಹೇಳಿದ್ದೆ. ದಾರಿಯಲ್ಲಿ, ಕಾಲುವೆ ನೀರು ಹರಿದು ಗದ್ದೆಯೆಲ್ಲ ಕೆಸರಾಗಿರೋ ಕಡೆ, ಮುಂದೆ ಕುರಿ ಹಿಂಡು ಅಡ್ಡ ಬಂತು. ಗಾಡಿಯವನು ಹೋಯ್ ಹೋಯ್ ಅಂದ. ಕುರಿ ಕದಲಲಿಲ್ಲ.

"ತಡೀರಿ, ನಮ್ಮ ಹತ್ರ ಸಾಮಾನು ಐತೆ" ಅಂದು ನಾನು ಹಾರ್ನ್ ತೆಗೆದು, ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ಭೋಂ!

ಕುರಿಗಳು ಕತ್ತೆತ್ತಿ ನೋಡಿ ಸುಮ್ಮನಾದವು. ಎತ್ತುಗಳು ಸುಮ್ಮನಿರಲಿಲ್ಲ. ಪಾಪ, ವರ್ಷಗಟ್ಟಲೆ ಆ ಹಾರ್ನಿಗೆ ರಸ್ತೆ ಬಿಟ್ಟು ಕೆಳಗಿಳಿದು ರೂಢಿಯಾದ ಎತ್ತುಗಳು. ಹಿಂದೆ ನಮ್ಮ ಲಾರಿ ಬಂತು ಅಂದುಕೊಂಡವು. ಯಾರೂ ಹೇಳದೆ, ಹಗ್ಗ ಎಳೆಯದೆ, ಬಹಳ ಮರ್ಯಾದೆಯಿಂದ ಎಡಕ್ಕೆ ತಿರುಗಿ ಗಾಡಿ, ದಿಮ್ಮಿ, ಭಾವ ಎಲ್ಲವನ್ನೂ ಎಳ್ಕೊಂಡು ಸೀದಾ ಕೆಸರು ಗದ್ದೆಗೆ ಇಳಿದು ನಿಂತವು.

ಮೊಣಕಾಲವರೆಗೆ ಕೆಸರಲ್ಲಿ ನಿಂತ ಗಾಡಿಯವನು ನನ್ನ ಕಡೆ ತಿರುಗಿದ. ಹೊಡೀತಾನೆ ಅಂದುಕೊಂಡೆ. ಅವನು ಹಿಂದಿನ ರಸ್ತೆಯನ್ನೊಮ್ಮೆ ನೋಡಿ, ಭಾವನಿಗೆ ಕೈ ಮುಗಿದ. "ನಿಮ್ಮ ಲಾರಿ ಬರದಿದ್ರೂ ನಾನು ಗದ್ದೆಗೆ ಇಳಿಯೋದು ತಪ್ಪಲಿಲ್ಲವಲ್ರೀ ಸಾಹುಕಾರ್ರೇ!"

ಒಗ್ಗರಣೆ ವಾಸನೆ

ಹರಿಹರದಲ್ಲಿ ಬೋರು ಕೊರೆಸಿದ್ದಾಯ್ತು, ಹೊಸ ಪಿಸ್ಟನ್ನೂ ರಿಂಗೂ ತಂದಿದ್ದಾಯ್ತು. ಈಗ ಉಸ್ತಾದ್ ಎಂಜಿನ್ ಕಟ್ಟೋದಕ್ಕೆ ಕೂತರು. ಒಂದು ಸಾಮಾನು ಕೆಳಗೆ ಬೀಳಬಾರದು, ಧೂಳು ತಾಗಬಾರದು ಅಂತ ಆಜ್ಞೆ. ಇಡೋದಕ್ಕೆ ಜಾಗ ಎಲ್ಲಿ? ಅಕ್ಕನ ಮೊರದಲ್ಲಿ ವಾಲ್ವುಗಳು, ಹಿಟ್ಟು ನಾದೋ ಪರಾತದಲ್ಲಿ ಸೀಮೆಎಣ್ಣೆ, ಚಟ್ನಿ ಬಟ್ಟಲಲ್ಲಿ ಬೋಲ್ಟುಗಳು. ಅಕ್ಕ ಅಡುಗೆ ಮಾಡಬೇಕಾದರೆ ಉಸ್ತಾದರನ್ನು ಕೇಳಿ ಪಾತ್ರೆ ಇಸ್ಕೋಬೇಕಾಗಿತ್ತು.

ಪಿಸ್ಟನ್ನನ್ನು ಅದರ ದಂಡಕ್ಕೆ ಸೇರಿಸೋದಕ್ಕೆ ಒಂದು ಪಿನ್ನು ಬರುತ್ತೆ. ಬೆರಳಿಗಿಂತ ದಪ್ಪ, ಕನ್ನಡಿ ಹಾಗೆ ನುಣ್ಣಗೆ, ಕೈಗೆ ಒಳ್ಳೇ ಭಾರ. ಕೊನೇ ಪಿಸ್ಟನ್ ಹಾಕೋ ಹೊತ್ತಿಗೆ ನೋಡಿದರೆ ಒಂದು ಪಿನ್ನು ಇಲ್ಲ.

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. "ನಾನಲ್ಲ, ಆಣೆ" ಅಂದೆ. ಭಾವ ನನ್ನ ಜೇಬು ಹುಡುಕಿದರು. ಬುಗುರಿ ಸಿಕ್ಕಿತು, ಗುಮಾಸ್ತರ ಮಿಲ್ಲಿನ ಹತ್ತಿ ಸ್ವಲ್ಪ ಸಿಕ್ಕಿತು, ಪಿನ್ನು ಸಿಗಲಿಲ್ಲ. ಅದಿಲ್ಲದೆ ಎಂಜಿನ್ ಮುಗಿಯೋ ಹಾಗಿಲ್ಲ. ಬಿಡಿ ಸಾಮಾನು ಬರಬೇಕಾದರೆ ಬೆಂಗಳೂರಿಂದ ಬರಬೇಕು. ಅಷ್ಟರಲ್ಲಿ ಗುಮಾಸ್ತರು ಬಂದುಬಿಟ್ಟರೆ? ಭಾವ ತಲೆ ಮೇಲೆ ಕೈ ಹೊತ್ತು ಕಟ್ಟೆ ಮೇಲೆ ಕೂತರು. ಉಸ್ತಾದ್ ಬೀದಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದರು.

ಆಗ ಅಡುಗೆಮನೆಯಿಂದ ಟಣ್ ಟಣ್ ಟಣ್ ಅಂತ ಸದ್ದು ಬಂತು. ಉಸ್ತಾದ್ ಕಣ್ಣು ಮುಚ್ಚಿ ಕೇಳಿದರು. ಈ ಸಲ ಸ್ಕ್ರೂಡ್ರೈವರ್ ಬೇಕಾಗಲಿಲ್ಲ.

ಒಳಗೆ ಅಕ್ಕ ಕೂತು ಆ ಪಿನ್ನಿನಲ್ಲಿ ಬೆಳ್ಳುಳ್ಳಿ ಜಜ್ಜುತ್ತಿದ್ದಳು!

"ಏನ್ ಮಾಡ್ಲಿ? ನನ್ನ ಕುಟ್ಟಾಣಿ ನಿಮ್ಮ ಉಸ್ತಾದರ ಹತ್ರ ಐತೆ. ಅದ್ರಾಗೆ ಗ್ರೀಸು ತುಂಬ್ಯಾರೆ" ಅಂತ ಅಕ್ಕ ಭಾವನ ಮೇಲೇ ತಿರುಗಿಬಿದ್ದಳು. "ಆದ್ರೆ ಇದು ನಮ್ಮ ಕುಟ್ಟಾಣಿಗಿಂತ ಚಲೋ ಐತ್ರೀ. ಕೆಲಸ ಆದ ಮ್ಯಾಲೆ ಒಂದು ಉಳಿದ್ರೆ ನನಗೆ ಕೊಡ್ರಿ."

ಉಸ್ತಾದ್ ಪಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದರು, ಒರೆಸಿದರು, ಮೂಸಿ ನೋಡಿದರು, ಮತ್ತೆ ತೊಳೆದರು. ಕೊನೆಗೆ ಸೋತು ಪಿಸ್ಟನ್ನಿಗೆ ಹಾಕುತ್ತಾ ಭಾವನಿಗೆ ಹೇಳಿದರು: "ಹೊಗೆ ನಿಲ್ಲಿಸೋದು ನನ್ನ ಜವಾಬ್ದಾರಿ. ರಸ್ತೆಯಾಗೆ ಜನ ಹಸಿವಾಗಿ ಲಾರಿ ಹಿಂದೆ ಓಡಿ ಬಂದ್ರೆ ನಾನು ಜವಾಬ್ದಾರ ಅಲ್ಲ."

ಕೊಬ್ಬರಿ ಬೆಲ್ಲ

ಎಂಜಿನ್ ಸ್ಟಾರ್ಟ್ ಆಯಿತು. ಹೊಗೆ ಇಲ್ಲ! ಭಾವ ಕುಣಿಯೋದೊಂದು ಬಾಕಿ. ಆಗ ಉಸ್ತಾದ್ ಕೈಯೆತ್ತಿದರು. "ಈಗಲೇ ಲೋಡು ಹಾಕಬಾರದು, ಓಡಿಸಬಾರದು. ಒಳಗೆ ಎಲ್ಲಾ ಹೊಸದು, ಒಂದಕ್ಕೊಂದು ಹೊಂದ್ಕೋಬೇಕು. ಸ್ವಲ್ಪ ದಿನ ಹಸಿ ಬಾಣಂತಿ ನೋಡ್ಕೊಂಡಂಗೆ ನೋಡ್ಕೊಳ್ರಿ."

ಇಷ್ಟು ಹೊತ್ತೂ ಎಂಜಿನ್ನು ಗಂಡಸರ ವಿಷಯ ಅಂತ ಸುಮ್ಮನಿದ್ದ ಅಜ್ಜಿ ಎದ್ದು ಸೆರಗು ಸಿಕ್ಕಿಸಿದರು. "ಹಂಗಂತ ಮೊದಲೇ ಹೇಳಬಾರದಾ? ಇನ್ನು ನೀವೆಲ್ಲ ಆ ಕಡೆ ನಡೀರಿ."

ಅವತ್ತಿನಿಂದ ಲಾರಿ ಅಜ್ಜಿಯ ವಶ. ಬಾನೆಟ್ ಮೇಲೆ ಕಂಬಳಿ ಬಿತ್ತು, ಗಾಳಿ ತಾಗಬಾರದು. ರೇಡಿಯೇಟರಿಗೆ ಕಾದಾರಿದ ನೀರೇ ಆಗಬೇಕು. ಸಂಜೆ ಸಾಂಬ್ರಾಣಿ ಹೊಗೆ. ಇದಕ್ಕೆ ಮಾತ್ರ ಉಸ್ತಾದ್ ನಡುಗಿ, "ಪೆಟ್ರೋಲ್ ಐತೆ ಅಜ್ಜಿ, ಕೆಂಡ ಹತ್ರ ತರಬ್ಯಾಡ್ರಿ" ಅಂತ ಬೇಡಿಕೊಂಡರು. ಅಜ್ಜಿ ಒಪ್ಪಿದರು. ಕೆಂಡ ದೂರ ಇಡೋದು, ನಾನು ಮೊರದಲ್ಲಿ ಬೀಸಿ ಹೊಗೆ ಲಾರಿಯ ಮುಖಕ್ಕೆ ಕಳಿಸೋದು.

ಆಮೇಲೆ ದೃಷ್ಟಿ ಬೊಟ್ಟು. ಹರಳೆಣ್ಣೆಯಲ್ಲಿ ದೀಪದ ಕಪ್ಪು ಕಲಸಿ ಮುಂದೆ ಬಾನೆಟ್ಟಿಗೆ ಅಜ್ಜಿ ಪುಟ್ಟದಾಗಿ ಇಟ್ಟರು. ಹಿಂದಗಡೆ ಹಲಗೆಗೆ ಒಂದು ಇಡು ಅಂತ ನನಗೆ ಹೇಳಿದರು. ಹಿಂದೆ ಬರೋ ಲಾರಿಯವರ ಕಣ್ಣು ದೊಡ್ಡದು, ಬೊಟ್ಟೂ ದೊಡ್ಡದಿರಲಿ ಅಂತ ನಾನು ರೊಟ್ಟಿಯಷ್ಟಗಲ ಇಟ್ಟೆ. ಹರಳೆಣ್ಣೆ, ಒಣಗೋ ಮಾತೇ ಇಲ್ಲ.

ಬಾವಿ ಕಟ್ಟೆಯಲ್ಲಿ ಹೆಂಗಸರು, "ಏನಲೇ, ನಿಮ್ಮನಿಯಾಗೆ ದಿನಾ ಸಾಂಬ್ರಾಣಿ ವಾಸನೆ?" ಅಂತ ಕೇಳಿದರು. "ಬಾಣಂತನ ನಡೆದೈತೆ" ಅಂದೆ. ಸುಳ್ಳೇನಲ್ಲ. ಸಂಜೆ ಹೊತ್ತಿಗೆ ಕೊಬ್ಬರಿ, ಬೆಲ್ಲ, ಉತ್ತುತ್ತೆ ಹಿಡ್ಕೊಂಡು ಹೆಂಗಸರ ದಂಡೇ ಬಂತು. ಬಾಗಿಲು ತೆಗೆದದ್ದು ಅಕ್ಕ. ಬಂದವರು ಅವಳ ಹೊಟ್ಟೆ ನೋಡಿದರು, ಮುಖ ನೋಡಿದರು, ಒಳಗೆ ತೊಟ್ಟಿಲು ಹುಡುಕಿದರು.

"ಬಾಣಂತಿ ಎಲ್ಲವ್ವಾ?"

ಅಜ್ಜಿ ಗಂಭೀರವಾಗಿ ಬೀದಿಗೆ ಕೈ ತೋರಿಸಿದರು. "ಮಲಗೈತೆ. ಸದ್ದು ಮಾಡಬ್ಯಾಡ್ರಿ."

ಅಕ್ಕ ಪೊರಕೆ ತಗೊಂಡು ನನ್ನನ್ನು ಹುಡುಕಿದಳು. ನಾನು ಲಾರಿಯ ಕೆಳಗೆ ಕೂತು ಕೊಬ್ಬರಿ ಬೆಲ್ಲ ತಿನ್ನುತ್ತಿದ್ದೆ. ಬಾಣಂತಿ ತಿನ್ನಲಾರಳಲ್ಲ, ಹಾಳು ಮಾಡೋದು ಬೇಡ ಅಂತ.

ಲಾರಿಯನ್ನು ಮೊದಲ ಸಲ ಹೊರಗೆ ಕರ್ಕೊಂಡು ಹೋದಾಗ ಅಜ್ಜಿಯೂ ಮುಂದೆ ಕೂತರು. ಹರಿಹರದ ಹೊಳೆ ಸೇತುವೆವರೆಗೆ ಹೋಗಿ ಬರೋದು. ಭಾವ ಗೇರ್ ಬದಲಾಯಿಸಿದರೆ "ಮೆಲ್ಲಗೆ", ಗುಂಡಿ ಬಂದರೆ "ನಿಲ್ಲಿಸು", ಮರ ಕಂಡರೆ "ನೆರಳಾಗೆ ಸ್ವಲ್ಪ ಸುಧಾರಿಸ್ಕೊಳ್ಳಲಿ ಬಿಡು". ನಡೆದು ಹೋಗೋರು ನಮ್ಮನ್ನು ಮಾತಾಡಿಸಿ ಮುಂದೆ ಹೋಗುತ್ತಿದ್ದರು. ಹಿಂದಿನಿಂದ ಯಾರೋ ಕೂಗಿದ ಹಾಗಾಯ್ತು. ತಿರುಗಿದರೆ ಅದೇ ಭಾನುವಳ್ಳಿ ಗಾಡಿಯವನು. ಎತ್ತುಗಳು ನಮ್ಮ ಹಲಗೆಗೆ ಮೂತಿ ತಾಗಿಸಿ ನಿಂತಿದ್ದಾವೆ.

"ಸೈಡ್ ಬಿಡ್ರೀ ಸಾಹುಕಾರ್ರೇ" ಅಂದ ಅವನು. "ಹಾರ್ನ್ ಇಲ್ಲ ನನ್ನ ಹತ್ರ. ನಿಮ್ಮ ಹುಡುಗನ್ನ ಹೊಡಿಯಾಕೆ ಹೇಳ್ರಿ!"

ಕರೀ ಚುಕ್ಕೆ

ಈಗ ಕೊನೇದು.

ಅವತ್ತು ಸಂಜೆ ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಸ್ವಲ್ಪ ಕೈ ಮುಂದಾಗಿ ಹಾಕಿದ್ದರು. ನಾನು ಮೊರ ಬೀಸುತ್ತಿದ್ದೆ. ಮುಂದಿನಿಂದ ಬೀಸಿದ ಹೊಗೆ ಲಾರಿಯ ಹಿಂದಿನಿಂದ ಹೊರಗೆ ಬರುತ್ತೇನೋ ನೋಡೋಣ ಅಂತ ಅನ್ನಿಸಿತು. ಎರಡು ಕೈಯಲ್ಲೂ ಬೀಸಿದೆ. ಬಾನೆಟ್ಟಿನ ಸಂದಿಯಿಂದ, ಚಕ್ರದ ಸಂದಿಯಿಂದ, ಕಂಬಳಿಯ ತೂತಿನಿಂದ ಮೋಡ ಮೋಡವಾಗಿ ಹೊಗೆ ಏಳತೊಡಗಿತು.

ಸೈಕಲ್ ಗಂಟೆ ಕೇಳಿಸಿತು. ಹೊಗೆಯ ಆಚೆ ಏನೋ ಬೆಳ್ಳಗೆ ಕಂಡಿತು. ಗುಮಾಸ್ತರ ಪಂಚೆ!

ಗುಮಾಸ್ತರು ಸೈಕಲ್ ಇಳಿದು ಲಾರಿಯನ್ನು ಮೇಲಿಂದ ಕೆಳಗೆ ನೋಡಿದರು. ಭಾವ ಓಡಿ ಬಂದರು.

"ಏನ್ರೀ ಇದು?" ಅಂದರು ಗುಮಾಸ್ತರು. "ಮೊದಲು ಸ್ಟಾರ್ಟ್ ಮಾಡಿದ್ರೆ ಹೊಗೆ ಬರ್ತಿತ್ತು. ರಿಪೇರಿ ಆದ ಮ್ಯಾಲೆ ನಿಂತ್ರೂ ಬರ್ತೈತಲ್ರೀ!" ಅಂದವರೇ ಸೈಕಲ್ ತಿರುಗಿಸಿದರು.

ಭಾವ ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡರು. "ಹೋಗಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ. ಅದು ಎಂಜಿನ್ ಹೊಗೆ ಅಲ್ಲ, ಸಾಂಬ್ರಾಣಿ."

ಗುಮಾಸ್ತರು ಮೂಸಿದರು. ಮುಖ ಇನ್ನಷ್ಟು ಗಂಟಾಯಿತು. "ಓಹೋ! ಎಣ್ಣೆ ಸುಟ್ಟ ವಾಸನೆ ನನಗೆ ಗೊತ್ತಾಗಬಾರದು ಅಂತ ಧೂಪ ಹಾಕೀರಿ. ನಾನು ಬರೋದು ಯಾರು ಹೇಳಿದ್ರು ನಿಮಗೆ?"

ನಿಜ ಹೇಳಿದರೆ ಯಾರೂ ನಂಬದಂಥ ಪರಿಸ್ಥಿತಿ ನನಗೆ ರೂಢಿ. ಭಾವನಿಗೆ ಹೊಸದು. ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೋ ಏನೋ.

ಅಜ್ಜಿ ಕಟ್ಟೆಯಿಂದ ಇಳಿದು ಬಂದರು. "ಪರೀಕ್ಷೆ ಮಾಡಾಕೆ ಬಂದೀಯ ತಾನೆ? ಮಾಡಿಕೊಂಡು ಹೋಗಪ್ಪಾ. ಬಿಳೀ ಬಟ್ಟೆ ಎಲ್ಲಿ?"

"ನೀವು ಕೊಡ್ರಿ. ಮನಿಯಾಗೆ ಒಂದು ಬಿಳೀ ಬಟ್ಟೆ ಇರಾಕಿಲ್ವಾ?"

ಇರಲಿಲ್ಲ! ಲಾರಿ ಬಂದ ಮೇಲೆ ನಮ್ಮ ಮನೆಯಲ್ಲಿ ಬಿಳೀದು ಅಂತ ಒಂದು ಬಟ್ಟೆ ಉಳಿದಿರಲಿಲ್ಲ. ಅಕ್ಕ ಪೆಟ್ಟಿಗೆ ತಲೆಕೆಳಗು ಮಾಡಿದಳು. ಭಾವನ ಮದುವೆ ಪಂಚೆ ಒಂದು ಸಿಕ್ಕಿತು. ಬಿಚ್ಚಿದರೆ ನಡುವೆ ದೊಡ್ಡ ಗ್ರೀಸಿನ ಕೈ. ಕೈಯ ಅಳತೆ ನೋಡಿ ಎಲ್ಲರೂ ನನ್ನ ಕಡೆ ತಿರುಗಿದರು.

ಅಜ್ಜಿ ಗುಮಾಸ್ತರ ಕಡೆ ನೋಡಿದರು. "ನೀನು ಉಟ್ಟಿರೋದು ಏನಪ್ಪಾ ಅದು?"

ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು. "ಇದಾ? ಇದು ಇವತ್ತೇ ಇಸ್ತ್ರಿ ಮಾಡಿಸಿದ್ದು."

"ನಡಿ, ನಡಿ. ಲಾರಿ ಹಿಂದೆ ನಿಂತ್ಕೋ."

ಅಜ್ಜಿಗೆ ಎದುರು ಹೇಳೋರು ನಮ್ಮ ಬಡಾವಣೆಯಲ್ಲೇ ಇರಲಿಲ್ಲ, ಮಿಲ್ಲಿನಲ್ಲಿ ಎಲ್ಲಿಂದ ಬರಬೇಕು? ಗುಮಾಸ್ತರು ಬಲಿಗೆ ಹೋಗೋರ ಹಾಗೆ ಹೋಗಿ, ಪಂಚೆಯ ಮುಂಚುಂಗನ್ನು ಕೊಳವೆಯ ಹತ್ತಿರ ಚಾಚಿ ಹಿಡಿದು, ಮುಖ ಅತ್ತ ತಿರುಗಿಸಿ, ಕಣ್ಣು ಮುಚ್ಚಿಕೊಂಡರು. ನಾನು ಹ್ಯಾಂಡಲ್ ಹೊಡೆದೆ. ಹತ್ತಲಿಲ್ಲ. ಭಾವ ಸ್ಟೇರಿಂಗ್ ಮೇಲೆ ಹಣೆ ಇಟ್ಟರು. ಇನ್ನೊಂದು ಸಲ ಹೊಡೆದೆ. ಗುರ್ರ್ ಅಂತ ಹಿಡ್ಕೊಂಡಿತು. ಗುಮಾಸ್ತರು ಬೆಚ್ಚಿ ಹಲಗೆಗೆ ಬೆನ್ನು ಹಚ್ಚಿ ಅಂಟಿಕೊಂಡರೂ ಪಂಚೆ ಬಿಡಲಿಲ್ಲ. ಎಂಜಿನ್ನು ಹೊಲಿಗೆ ಮೆಷಿನ್ನಿನ ಹಾಗೆ ಓಡಿತು. ಭಾವ ಜೋರು ಮಾಡಿದರು, ಕಮ್ಮಿ ಮಾಡಿದರು, ನಿಲ್ಲಿಸಿದರು.

ಗುಮಾಸ್ತರು ಒಂದು ಕಣ್ಣು ಬಿಟ್ಟು ಮುಂಚುಂಗು ನೋಡಿಕೊಂಡರು. ಇನ್ನೊಂದು ಕಣ್ಣೂ ಬಿಟ್ಟರು. ಬೆಳ್ಳಗೆ, ಇಸ್ತ್ರಿ ಮಡಿಕೆ ಸಮೇತ ಹಾಗೇ ಇತ್ತು.

"ಭೇಷ್! ಒಂದು ಚುಕ್ಕೆ ಇಲ್ಲ. ಒಪ್ಪಿದೆ ಕಣ್ರೀ" ಅಂತ ಭಾವನ ಬೆನ್ನು ತಟ್ಟಿ, ನಗುನಗುತ್ತಾ ಸೈಕಲ್ ಕಡೆ ತಿರುಗಿದರು.

ಆಗ ನಾವೆಲ್ಲ ಅವರ ಹಿಂಭಾಗವನ್ನು ನೋಡಿದೆವು.

ಪಂಚೆಯ ಮೇಲೆ, ಸರಿಯಾಗಿ ಕೂರೋ ಜಾಗದಲ್ಲಿ, ನನ್ನ ರೊಟ್ಟಿಯಗಲದ ದೃಷ್ಟಿ ಬೊಟ್ಟು ಅಚ್ಚಾಗಿ ಕೂತಿತ್ತು. ಕೈವಾರ ಇಟ್ಟು ಬರೆದ ಹಾಗೆ ದುಂಡಗೆ.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವನ ಮುಖ ಬಿಳಿಚಿಕೊಂಡಿತು. ನಾನು ಸುಮ್ಮನೆ ಲಾರಿಯ ಕೆಳಗೆ ಜಾಗ ನೋಡಿಕೊಂಡೆ. ಗುಮಾಸ್ತರು ಸೈಕಲ್ ಹತ್ತಲು ಪಂಚೆ ಎತ್ತಿ ಕಟ್ಟೋದಕ್ಕೆ ಹಿಂದೆ ಕೈ ಹಾಕಿದರು. ಏನೋ ಜಿಡ್ಡು. ಕೈ ಮುಂದೆ ತಂದು ನೋಡಿದರು. ಕಪ್ಪು.

"ಕರೀದು!" ಅಂತ ಕೂಗಿಕೊಂಡರು. "ಹೇಳಿದ್ನಲ್ರೀ ನಾನು, ಒಂದು ಕರೀ ಚುಕ್ಕೆ ಕಂಡ್ರೂ ಹತ್ತಿ ಇಲ್ಲಾಂತ!"

ಅಜ್ಜಿ ಹತ್ತಿರ ಹೋಗಿ, ಬಗ್ಗಿ, ಕಣ್ಣು ಕಿರಿದು ಮಾಡಿ ಅದನ್ನು ಸುತ್ತಲೂ ಪರೀಕ್ಷೆ ಮಾಡಿದರು. ಬೆರಳಲ್ಲಿ ಮುಟ್ಟಿ ಮೂಸಿದರು.

"ಹೊಗೆ ಅಲ್ಲಪ್ಪಾ ಇದು, ದೃಷ್ಟಿ ಬೊಟ್ಟು. ಲಾರಿಗೆ ಇಟ್ಟಿದ್ದು ನಿನಗೆ ಬಂದೈತೆ" ಅಂದರು. ಆಮೇಲೆ ಒಂದು ಹೆಜ್ಜೆ ಹಿಂದೆ ನಿಂತು ಅವರನ್ನು ಮೇಲಿಂದ ಕೆಳಗೆ ನೋಡಿ, "ಇರಲಿ ಬಿಡು. ಇಡೀ ದಾವಣಗೆರೆಯಾಗೆ ಇಷ್ಟು ಬೆಳ್ಳಗಿರೋ ಪಂಚೆ ನಿಂದೊಂದೇ. ಎಷ್ಟು ಜನರ ಕಣ್ಣು ಬಿದ್ದೈತೋ ಏನೋ. ನಿನಗೂ ಒಂದು ಬೇಕಾಗಿತ್ತು" ಅಂದರು.

ಗುಮಾಸ್ತರು ಕತ್ತು ತಿರುಗಿಸಿ ಹಿಂದೆ ನೋಡಿಕೊಂಡರು. ಸಿಟ್ಟು ಮಾಡಬೇಕೋ ಹೆಮ್ಮೆ ಪಡಬೇಕೋ ಗೊತ್ತಾಗಲಿಲ್ಲ ಅಂತ ಕಾಣುತ್ತೆ. ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಭುಜ ಕುಣಿಯಿತು. ಆಮೇಲೆ ಸೈಕಲ್ ಹಿಡ್ಕೊಂಡು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ಗುಮಾಸ್ತರು ನಗೋದನ್ನು ಅವತ್ತೇ ನಾನು ನೋಡಿದ್ದು.

ಹೋಗುವಾಗ ಭಾವನಿಗೆ ಹೇಳಿದರು: "ಸೋಮವಾರ ಲಾರಿ ಕಳ್ಸ್ರಿ. ಹತ್ತಿ ನಿಮ್ದೇ. ಆದ್ರೆ ಈ ಹುಡುಗನ್ನ ಮಾತ್ರ ಕಳ್ಸಬ್ಯಾಡ್ರಿ."

ಸೋಮವಾರ ನಾನೇ ಹೋದೆ. ಹ್ಯಾಂಡಲ್ ಹೊಡೆಯೋರು ಇನ್ಯಾರಿದ್ದಾರೆ? ಲಾರಿ ಒಂದು ಎಳೆ ಹೊಗೆ ಬಿಡದೆ ಮಿಲ್ಲಿನ ಗೇಟು ದಾಟಿತು. ಭಾವ ಎದೆ ಉಬ್ಬಿಸಿ ಸಾಹುಕಾರರ ಹಾಗೆ ಕೂತಿದ್ದರು. ನಾನು ಗುಮಾಸ್ತರ ಬಿಳೀ ಪಂಚೆ ಎಲ್ಲಾದರೂ ಕಾಣುತ್ತೇನೋ ಅಂತ ಕತ್ತು ಚಾಚಿ ಹುಡುಕಿದೆ. ಎಲ್ಲೂ ಇರಲಿಲ್ಲ.

ಗೋಡೌನಿನ ಬಾಗಿಲಲ್ಲಿ ಯಾರೋ ಖಾಕಿ ಚಡ್ಡಿ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ನನ್ನನ್ನು ಕಂಡ ತಕ್ಷಣ ಅವರು ಇನ್ನೂ ಗಟ್ಟಿಯಾಗಿ ಗೋಡೆಗೆ ಅಂಟಿಕೊಂಡರು.